ಎರಡನೇ ಹೆಸರಿನ ಮತಗಳು

2018ರ ನವೆಂಬರ್‌ನಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ನಮ್ಮ ಚಿನಕುರಳಿಯ ಸಿ.ಎಸ್. ಪುಟ್ಟರಾಜು ಮೇಲುಕೋಟೆಯಿಂದ ಶಾಸಕರಾಗಿ ಗೆದ್ದು ಸಂಸದ ಸ್ಥಾನ ಬಿಟ್ಟಿದ್ದರಿಂದ ತೆರವಾದ ಜಾಗ ಅದು. ಜೆಡಿಎಸ್ ಮತ್ತು ಕಾಂಗ್ರೆಸ್ ಕೈಜೋಡಿಸಿ ಎಲ್.ಆರ್. ಶಿವರಾಮೇಗೌಡರನ್ನು ನಿಲ್ಲಿಸಿದವು. ಬಿಜೆಪಿ ಎದುರು ಅವರು 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆರು ತಿಂಗಳು ಕಳೆಯುವುದರೊಳಗೆ, 2019ರ ಏಪ್ರಿಲ್‌ನಲ್ಲಿ, ಅದೇ ಕ್ಷೇತ್ರದಲ್ಲಿ ಅದೇ ಎರಡು ಪಕ್ಷಗಳು ಮತ್ತೆ ಒಟ್ಟಿಗೆ ಮತ ಕೇಳಿದವು. ಈ ಸಲ ಅಭ್ಯರ್ಥಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ ನಿಖಿಲ್. ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನಗಳಲ್ಲಿ ಜೆಡಿಎಸ್ ಶಾಸಕರಿದ್ದರು, ಪುಟ್ಟರಾಜು ಮಂತ್ರಿಯಾಗಿದ್ದರು. ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಿಂದ ಗೆದ್ದರು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಜೋಡೆತ್ತು. ಎಚ್.ಡಿ. ಕುಮಾರಸ್ವಾಮಿ ಮತ್ತು ಡಿ.ಕೆ. ಶಿವಕುಮಾರ್ ಸಮ್ಮಿಶ್ರ ಸರ್ಕಾರದ ಜೋಡೆತ್ತುಗಳು ಎನಿಸಿಕೊಂಡಿದ್ದರು. ಸುಮಲತಾ ಪರ ಪ್ರಚಾರಕ್ಕೆ ಬಂದ ನಟರಾದ ದರ್ಶನ್ ಮತ್ತು ಯಶ್ ಅವರಿಗೂ ಅದೇ ಹೆಸರು ಅಂಟಿತು. ಎತ್ತಿನ ಜೋಡಿ ಎಂದರೇನು ಎಂಬುದು ಈ ಸೀಮೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಶಿವರಾತ್ರಿ ಹೊತ್ತಿಗೆ ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುವವನು ಒಂದೊಂದರ ಹಲ್ಲು, ಸುಳಿ, ಗೊರಸು ನೋಡುವುದಷ್ಟೇ ಅಲ್ಲ, ಎರಡನ್ನೂ ಒಟ್ಟಿಗೆ ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಒಂದು ಮುಂದೆ ಎಳೆದು ಇನ್ನೊಂದು ಹಿಂದೆ ಜಗ್ಗಿದರೆ, ಎರಡೂ ಎಷ್ಟೇ ಚೆಂದವಿರಲಿ, ಹಗ್ಗ ಕೈಗೆ ತೆಗೆದುಕೊಳ್ಳುವುದಿಲ್ಲ. ಮತದಾರನೂ ಇದನ್ನೇ ಮಾಡುತ್ತಾನೆ ಎಂಬುದು ನನ್ನ ವಾದ. ನಾಯಕನ ಪಕ್ಕದಲ್ಲಿ ನಿಂತ ಎರಡನೇ ಹೆಸರು ಯಾವ ಜಾತಿ, ಯಾವ ಜಿಲ್ಲೆ ಎಂಬ ಲೆಕ್ಕ ಪಕ್ಷದ ಕಚೇರಿಯಲ್ಲಿ ನಡೆಯುತ್ತದೆ. ಮತದಾರ ಅಳೆಯುವುದು ಆ ಇಬ್ಬರ ನಡುವಿನ ಸಂಬಂಧವನ್ನು.

2018ರ ನವೆಂಬರ್‌ಗೂ 2019ರ ಏಪ್ರಿಲ್‌ಗೂ ಏನು ಬದಲಾಯಿತು? ನಾಯಕರ ಮಟ್ಟದಲ್ಲಿ ಏನೂ ಇಲ್ಲ. ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ಎಲ್ಲಿ ನೋಡಿದರೂ ದಶಕಗಳಿಂದ ಕಾಂಗ್ರೆಸ್ಸಿನವನ ಎದುರಾಳಿ ಜೆಡಿಎಸ್ಸಿನವನೇ. ಡೇರಿ ಚುನಾವಣೆ, ಸೊಸೈಟಿ ಚುನಾವಣೆ, ಊರಹಬ್ಬದ ಮುಂದಾಳತ್ವ, ಕಡೆಗೆ ಚರಂಡಿ ಎಲ್ಲಿಂದ ಎಲ್ಲಿಗೆ ಎಂಬ ಜಗಳದಲ್ಲೂ ಈ ಎರಡೇ ಬಣ. ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿಗನಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಎದುರಿಗಿದ್ದದ್ದು ಜಿಲ್ಲೆಯಲ್ಲಿ ಆವರೆಗೆ ಒಂದು ವಿಧಾನಸಭಾ ಸ್ಥಾನವನ್ನೂ ಗೆದ್ದಿರದ ಬಿಜೆಪಿ. ಆರು ತಿಂಗಳ ನಂತರ, ಮಂಡ್ಯದ ಕಾಂಗ್ರೆಸ್ ನಾಯಕರಾಗಿದ್ದ ಅಂಬರೀಶ್ ಅವರ ಪತ್ನಿ ಸುಮಲತಾ ಕಣಕ್ಕಿಳಿದಾಗ ಅದೇ ಕಾರ್ಯಕರ್ತನಿಗೆ ಸೆರಗೊಡ್ಡಿ ಕೇಳುವ ಇನ್ನೊಬ್ಬರು ಸಿಕ್ಕರು. ಬೆಂಗಳೂರಿನಲ್ಲಿ ಕಟ್ಟಿದ ಜೋಡಿ ಬೀದಿಯಲ್ಲಿ ಬಿಚ್ಚಿಕೊಂಡಿತು. 2024ರಲ್ಲಿ ಜೆಡಿಎಸ್ ಬಿಜೆಪಿ ಜೊತೆ ಸೇರಿದಾಗ ಕುಮಾರಸ್ವಾಮಿ ಇದೇ ಕ್ಷೇತ್ರದಲ್ಲಿ 2,84,620 ಮತಗಳ ಅಂತರದಿಂದ ಗೆದ್ದರು. ಈ ಎರಡು ಪಕ್ಷಗಳವರು ನಮ್ಮ ಹಳ್ಳಿಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದಂತೆ ಬಾಳಿದವರಲ್ಲ. ಹಾಗಾಗಿ ಮತ ದಾಟಿತು.

ಎರಡನೇ ಹೆಸರು ಮತ ತರುತ್ತದೆಯೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಏಳುತ್ತದೆ. ಅಲ್ಲಿ ಅಧ್ಯಕ್ಷ ಅಭ್ಯರ್ಥಿ ತನ್ನ ಉಪಾಧ್ಯಕ್ಷ ಅಭ್ಯರ್ಥಿಯನ್ನು ಚುನಾವಣೆಗೆ ಮೊದಲೇ ಹೆಸರಿಸಬೇಕು. ಜನ ಇಬ್ಬರಿಗೂ ಸೇರಿಸಿ ಒಂದೇ ಮತ ಹಾಕುತ್ತಾರೆ. ಉಪಾಧ್ಯಕ್ಷ ಅಭ್ಯರ್ಥಿ ತನ್ನ ರಾಜ್ಯವನ್ನು ಗೆದ್ದುಕೊಡುತ್ತಾನೆ ಎಂಬುದು ಅಲ್ಲಿನ ಹಳೆಯ ನಂಬಿಕೆ. 1960ರಲ್ಲಿ ಕೆನಡಿ ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು ಜೊತೆಗಿಟ್ಟುಕೊಂಡು ಆ ರಾಜ್ಯವನ್ನು ಸುಮಾರು 46 ಸಾವಿರ ಮತಗಳಿಂದ ಗೆದ್ದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. 1988ರದ್ದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಅಧ್ಯಕ್ಷ ಅಭ್ಯರ್ಥಿ ಡುಕಾಕಿಸ್ ಅದೇ ಟೆಕ್ಸಾಸ್‌ನ ಸೆನೆಟರ್ ಲಾಯ್ಡ್ ಬೆಂಟ್ಸನ್ ಅವರನ್ನು ಆರಿಸಿಕೊಂಡಿದ್ದರು. ಟೆಕ್ಸಾಸ್ ಮತದಾರರು ಅದೇ ದಿನ, ಅದೇ ಮತಗಟ್ಟೆಗಳಲ್ಲಿ ಬೆಂಟ್ಸನ್ ಅವರನ್ನು ಸೆನೆಟ್‌ಗೆ ಮರುಆಯ್ಕೆ ಮಾಡಿದರು, ಡುಕಾಕಿಸ್ ಅವರನ್ನು ಸೋಲಿಸಿದರು. ನಿಮ್ಮ ಮೇಲೆ ಪ್ರೀತಿ ಇದೆ, ಆದರೆ ನೀವು ಕರೆತಂದವರ ಮೇಲೆ ಇಲ್ಲ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಕ್ರಿಸ್ಟೋಫರ್ ಡಿವೈನ್ ಮತ್ತು ಕೈಲ್ ಕಾಪ್ಕೊ ಎಂಬ ವಿದ್ವಾಂಸರು ದಶಕಗಳ ಅಂಕಿಅಂಶ ತೆಗೆದು ನೋಡಿ ಬಂದ ತೀರ್ಮಾನವೂ ಇದರ ಹತ್ತಿರದ್ದೇ. ಜೊತೆಗಾರ ತಾನೇ ಮತ ತರುವುದು ಬಹಳ ಕಡಿಮೆ. ಅವನ ಆಯ್ಕೆಯಿಂದ ಮುಖ್ಯ ಅಭ್ಯರ್ಥಿಯ ವಿವೇಕ ಎಂಥದ್ದು ಎಂದು ಜನ ಅಳೆಯುತ್ತಾರೆ, ಪರಿಣಾಮ ಅಲ್ಲಿಂದ ಬರುತ್ತದೆ. 2008ರಲ್ಲಿ ತಮ್ಮ ಅನುಭವವನ್ನೇ ಮುಂದಿಟ್ಟು ಮತ ಕೇಳಿದ 72 ವರ್ಷದ ಮೆಕೇನ್, ರಾಷ್ಟ್ರಮಟ್ಟದ ಅನುಭವವೇ ಇಲ್ಲದ ಸಾರಾ ಪೇಲಿನ್ ಅವರನ್ನು ಹೆಸರಿಸಿದಾಗ ಏಟು ಬಿದ್ದದ್ದು ಮೆಕೇನ್ ಮಾತಿನ ಮೇಲೆಯೇ.

ನಮ್ಮಲ್ಲಿ ಅಂಥ ಜೋಡಿ ಮತಪತ್ರ ಇಲ್ಲ. ರಾಷ್ಟ್ರಪತಿ, ಉಪರಾಷ್ಟ್ರಪತಿ ಬೇರೆ ಬೇರೆಯಾಗಿ ಆಯ್ಕೆಯಾಗುತ್ತಾರೆ, ಅದರಲ್ಲಿ ನಮಗೆ ನೇರ ಮತವೂ ಇಲ್ಲ. ಕರ್ನಾಟಕದಲ್ಲಿ ಆ ಜಾಗ ತುಂಬಿರುವುದು ಉಪಮುಖ್ಯಮಂತ್ರಿ. ಸಂವಿಧಾನದಲ್ಲಿ ಈ ಹುದ್ದೆಯ ಹೆಸರೇ ಇಲ್ಲ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಉಪಮುಖ್ಯಮಂತ್ರಿ ಎಂದರೆ ಒಬ್ಬ ಮಂತ್ರಿಯೇ, ಹೆಸರು ಬೇರೆಯಾದರೆ ಸಂವಿಧಾನಕ್ಕೆ ಧಕ್ಕೆಯಿಲ್ಲ ಎಂದು ಹೇಳಿ ಅರ್ಜಿಯನ್ನು ವಜಾ ಮಾಡಿತು. ಕಾನೂನಿನ ಪ್ರಕಾರ ಸರಿಯೇ. ಆದರೆ ಅಧಿಕಾರವಿಲ್ಲದ ಹೆಸರನ್ನು ಒಂದು ಸಮುದಾಯಕ್ಕೆ ಕೊಟ್ಟು, ಅದಕ್ಕೆ ಬದಲಾಗಿ ಆ ಸಮುದಾಯದ ಮತ ನಿರೀಕ್ಷಿಸುವುದು ನ್ಯಾಯವೇ ಎಂಬುದು ಕೋರ್ಟಿನ ಮುಂದಿದ್ದ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ನಾವು.

2019ರ ಆಗಸ್ಟ್‌ನಲ್ಲಿ ಯಡಿಯೂರಪ್ಪ ಸರ್ಕಾರದಲ್ಲಿ ಒಟ್ಟಿಗೆ ಮೂವರು ಉಪಮುಖ್ಯಮಂತ್ರಿಗಳಾದರು: ದಲಿತರಾದ ಗೋವಿಂದ ಕಾರಜೋಳ, ಒಕ್ಕಲಿಗರಾದ ಸಿ.ಎನ್. ಅಶ್ವತ್ಥನಾರಾಯಣ, ಲಿಂಗಾಯತರಾದ ಲಕ್ಷ್ಮಣ ಸವದಿ. ಸವದಿ ಹಿಂದಿನ ವರ್ಷ ಅಥಣಿಯಲ್ಲಿ ಸೋತವರು, ಆಗ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಜನ ಬೇಡವೆಂದವರನ್ನು ಜನರ ಪ್ರತಿನಿಧಿಗಳ ಎರಡನೇ ಸಾಲಿನಲ್ಲಿ ಕೂರಿಸಿದ್ದರ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಎರಡು ವರ್ಷಕ್ಕೆ ಮುಖ್ಯಮಂತ್ರಿ ಬದಲಾದಾಗ ಮೂರೂ ಹುದ್ದೆ ಹೋದವು. ಒಕ್ಕಲಿಗ ಉಪಮುಖ್ಯಮಂತ್ರಿಯನ್ನು ಕೊಟ್ಟಿದ್ದೆವು ಎಂದು ಹೇಳಿಕೊಳ್ಳಬಹುದಾಗಿದ್ದ ಬಿಜೆಪಿಗೆ 2023ರಲ್ಲಿ ಮಂಡ್ಯ ಜಿಲ್ಲೆಯ 7 ಸ್ಥಾನಗಳಲ್ಲಿ ಒಂದೂ ದಕ್ಕಲಿಲ್ಲ. ಅದಕ್ಕೆ ಮೊದಲು, 2019ರ ಡಿಸೆಂಬರ್‌ನಲ್ಲಿ, ಕೆ.ಆರ್. ಪೇಟೆ ಉಪಚುನಾವಣೆಯಲ್ಲಿ ಆ ಪಕ್ಷ ಜಿಲ್ಲೆಯ ಮೊದಲ ಗೆಲುವು ಕಂಡಿತ್ತು ನಿಜ. ಆದರೆ ಅಲ್ಲಿ ಕೆಲಸ ಮಾಡಿದ್ದು ಮೊದಲನೇ ಹೆಸರು. ಯಡಿಯೂರಪ್ಪ ಅದೇ ತಾಲ್ಲೂಕಿನ ಬೂಕನಕೆರೆಯವರು, ಮುಖ್ಯಮಂತ್ರಿಯ ಹುಟ್ಟೂರು ಎಂಬ ಅಭಿಮಾನಕ್ಕೆ ಅಭ್ಯರ್ಥಿಯ ಸ್ವಂತ ಬಲವೂ ಸೇರಿತ್ತು.

ತುಮಕೂರಿನ ಕಥೆ ಇನ್ನೂ ಕಟುವಾದದ್ದು. 2018ರಿಂದ 14 ತಿಂಗಳು ಜಿ. ಪರಮೇಶ್ವರ ಉಪಮುಖ್ಯಮಂತ್ರಿಯಾಗಿದ್ದರು. ಕೊರಟಗೆರೆಯ ಶಾಸಕರು, ಜಿಲ್ಲೆಯಲ್ಲಿ ದೊಡ್ಡ ಹೆಸರು. 2019ರಲ್ಲಿ ಆ ಜಿಲ್ಲೆಯ ಲೋಕಸಭಾ ಕ್ಷೇತ್ರವನ್ನು ಕಾಂಗ್ರೆಸ್ ತನ್ನ ಹಾಲಿ ಸಂಸದನನ್ನು ಪಕ್ಕಕ್ಕೆ ಸರಿಸಿ ದೇವೇಗೌಡರಿಗೆ ಬಿಟ್ಟುಕೊಟ್ಟಿತು. ಉಪಮುಖ್ಯಮಂತ್ರಿಯ ಸ್ವಂತ ಜಿಲ್ಲೆಯಲ್ಲಿ ಮಾಜಿ ಪ್ರಧಾನಿ 13,339 ಮತಗಳಿಂದ ಸೋತರು. ಹೇಮಾವತಿ ನೀರು ತುಮಕೂರಿಗೆ ಸರಿಯಾಗಿ ಸಿಗಲಿಲ್ಲವೆಂಬ ಸಿಟ್ಟು ಹಳೆಯದು, ಟಿಕೆಟ್ ತಪ್ಪಿಸಿದ ನೋವು ಹೊಸದು. ಇವೆರಡನ್ನೂ ಒಂದು ಪದವಿ ತೊಳೆಯಲಿಲ್ಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ದೊಡ್ಡ ಉದಾಹರಣೆ 2023. ಸಿದ್ದರಾಮಯ್ಯ ಮತ್ತು ಶಿವಕುಮಾರ್ ಎಂಬ ಎರಡು ಹೆಸರನ್ನು ಒಟ್ಟಿಗೆ ಮುಂದಿಟ್ಟು ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಜೆಡಿಎಸ್ 37ರಿಂದ 19ಕ್ಕೆ ಇಳಿಯಿತು. ಐದು ವರ್ಷದ ಹಿಂದೆ ಒಂದೂ ಸಿಗದಿದ್ದ ಮಂಡ್ಯ ಜಿಲ್ಲೆಯಲ್ಲಿ ಕಾಂಗ್ರೆಸ್‌ಗೆ ಐದು ಸ್ಥಾನ ಬಂದವು: ನಾಗಮಂಗಲದಲ್ಲಿ ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದಲ್ಲಿ ರಮೇಶ ಬಂಡಿಸಿದ್ದೇಗೌಡ, ಜೊತೆಗೆ ಮಂಡ್ಯ, ಮದ್ದೂರು, ಮಳವಳ್ಳಿ. ಒಕ್ಕಲಿಗ ಮತ ಕದಲಿದ್ದು ಶಿವಕುಮಾರ್ ಅವರಿಂದ ಎಂದು ಅನೇಕರು ಬರೆದರು. ಗ್ಯಾರಂಟಿಗಳಿದ್ದವು, ಹಿಂದಿನ ಸರ್ಕಾರದ ಮೇಲೆ ಕೋಪವಿತ್ತು, ಜೆಡಿಎಸ್‌ನಿಂದ ಮುಸ್ಲಿಂ ಮತವೂ ಸರಿದಿತ್ತು. ಆದರೂ ಶಿವಕುಮಾರ್ ಪಾತ್ರ ಇರಲಿಲ್ಲ ಎಂದು ನಾನು ಹೇಳಲಾರೆ. ಹಳ್ಳಿಕಟ್ಟೆಗಳಲ್ಲಿ ಆ ಮಾತು ನಿಜವಾಗಿಯೂ ಇತ್ತು.

ಆದರೆ ಆಗ ಅವರು ಎರಡನೇ ಹೆಸರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮತ ಹಾಕುವ ದಿನದವರೆಗೂ ಮುಖ್ಯಮಂತ್ರಿ ಯಾರೆಂದು ಕಾಂಗ್ರೆಸ್ ಹೇಳಲಿಲ್ಲ. ಎಸ್.ಎಂ. ಕೃಷ್ಣ ಅವರ ನಂತರ ಕಾಂಗ್ರೆಸ್‌ನಿಂದ ನಮ್ಮವರೊಬ್ಬರು ಆ ಕುರ್ಚಿಗೆ ಬರಲಿ ಎಂಬ ಆಸೆಗೆ ಬಿದ್ದ ಮತ ಅದು. 2023ರ ಮೇ 20ರಂದು ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ, ಶಿವಕುಮಾರ್ ಏಕೈಕ ಉಪಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದರು. ಒಂದೇ ವರ್ಷದಲ್ಲಿ ಲೋಕಸಭಾ ಚುನಾವಣೆ ಬಂತು. ಬೆಂಗಳೂರು ಗ್ರಾಮಾಂತರದಲ್ಲಿ ಉಪಮುಖ್ಯಮಂತ್ರಿಯ ತಮ್ಮ ಡಿ.ಕೆ. ಸುರೇಶ್ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಡಾ. ಸಿ.ಎನ್. ಮಂಜುನಾಥ್ ಎದುರು ಸೋತರು. ಮಂಡ್ಯದಲ್ಲಿ ಐವರು ಶಾಸಕರಿದ್ದ ಕಾಂಗ್ರೆಸ್ ಏನಾಯಿತೆಂದು ಆಗಲೇ ಹೇಳಿದೆ. ಲೋಕಸಭೆಗೆ ಜನ ಬೇರೆಯೇ ಲೆಕ್ಕ ಹಾಕುತ್ತಾರೆ ಎಂಬ ಆಕ್ಷೇಪ ಸರಿ. ಅದನ್ನು ಒಪ್ಪಿದ ಮೇಲೂ, ಆಸೆಗೆ ಬಿದ್ದಷ್ಟು ಮತ ಪದವಿಗೆ ಬೀಳಲಿಲ್ಲ ಎಂಬುದು ಉಳಿಯುತ್ತದೆ.

ಇದಕ್ಕೆ ಹಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1993ರಲ್ಲಿ ವೀರಪ್ಪ ಮೊಯ್ಲಿ ಸರ್ಕಾರದ ಉಪಮುಖ್ಯಮಂತ್ರಿಯಾದರು. ಮುಂದಿನ ವರ್ಷ ಚುನಾವಣೆಯಲ್ಲಿ ಕಾಂಗ್ರೆಸ್ 34ಕ್ಕೆ ಕುಸಿಯಿತು, ಮದ್ದೂರು ಕ್ಷೇತ್ರವೇ ಜನತಾದಳದ ಪಾಲಾಯಿತು. ಬಂಗಾರಪ್ಪ ಬೇರೆ ಪಕ್ಷ ಕಟ್ಟಿ ಮತ ಒಡೆದದ್ದೂ ಒಂದು ಕಾರಣ. ಆದರೆ ಒಕ್ಕಲಿಗರ ಮುಂದೆ ಅಂದು ದೇವೇಗೌಡರ ಹೆಸರು ಮೊದಲನೇ ಜಾಗದಲ್ಲಿತ್ತು, ಕೃಷ್ಣ ಅವರದು ಎರಡನೇ ಜಾಗದಲ್ಲಿ. 1999ರಲ್ಲಿ ಅದೇ ಕೃಷ್ಣ ಕೆಪಿಸಿಸಿ ಅಧ್ಯಕ್ಷರಾಗಿ, ಪಾಂಚಜನ್ಯ ಯಾತ್ರೆ ನಡೆಸಿ ಮುಂದೆ ನಿಂತಾಗ ಕಾಂಗ್ರೆಸ್‌ಗೆ 132 ಸ್ಥಾನ ಬಂದವು.

ಹಾಗಾದರೆ ಎರಡನೇ ಹೆಸರಿಗೆ ಮತ ಕದಲಿಸುವ ಶಕ್ತಿ ಎಂದೂ ಇಲ್ಲವೇ? ಇದೆ. ನಮ್ಮ ಇತಿಹಾಸ ನೋಡಿದರೆ ಅದು ಹೆಚ್ಚಾಗಿ ಕಾಣುವುದು ಪದವಿ ಕೊಟ್ಟಾಗ ಅಲ್ಲ, ಕಿತ್ತುಕೊಂಡಾಗ. 2005ರಲ್ಲಿ ಅಲ್ಪಸಂಖ್ಯಾತ, ಹಿಂದುಳಿದ, ದಲಿತ ವರ್ಗಗಳ ಅಹಿಂದ ಸಮಾವೇಶಗಳ ಹಿನ್ನೆಲೆಯಲ್ಲಿ, ಆಗ ಜೆಡಿಎಸ್ಸಿನಲ್ಲಿದ್ದ ಸಿದ್ದರಾಮಯ್ಯ ಅವರನ್ನು ಉಪಮುಖ್ಯಮಂತ್ರಿ ಸ್ಥಾನದಿಂದ ಇಳಿಸಲಾಯಿತು. 2006ರ ಡಿಸೆಂಬರ್‌ನಲ್ಲಿ ಅವರು ಕಾಂಗ್ರೆಸ್‌ನಿಂದ ಚಾಮುಂಡೇಶ್ವರಿಯಲ್ಲಿ ನಿಂತರು. ಎದುರಿಗೆ ಮುಖ್ಯಮಂತ್ರಿ ಕುಮಾರಸ್ವಾಮಿ, ಉಪಮುಖ್ಯಮಂತ್ರಿ ಯಡಿಯೂರಪ್ಪ, ಇಡೀ ಸರ್ಕಾರ. ಅಂತರ 257 ಮತ. ಗೆದ್ದವರು ಸಿದ್ದರಾಮಯ್ಯ. ಹುದ್ದೆಯಲ್ಲಿದ್ದ ಉಪಮುಖ್ಯಮಂತ್ರಿಗಿಂತ ಹುದ್ದೆ ಕಳೆದುಕೊಂಡ ಉಪಮುಖ್ಯಮಂತ್ರಿ ಅಂದು ಹೆಚ್ಚು ತೂಗಿದರು.

ಮರುವರ್ಷವೇ ಇನ್ನೊಂದು. ಇಪ್ಪತ್ತು ತಿಂಗಳು ನೀವು, ಇಪ್ಪತ್ತು ತಿಂಗಳು ನಾವು ಎಂಬ ಒಪ್ಪಂದದಲ್ಲಿ ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಕಾದರು. 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಬಿಟ್ಟುಕೊಡುವ ದಿನ ಬಂದಾಗ ಜೆಡಿಎಸ್ ಕೊಡಲಿಲ್ಲ. ನವೆಂಬರ್‌ನಲ್ಲಿ ಕೊಟ್ಟಂತೆ ಮಾಡಿ ಏಳೇ ದಿನಕ್ಕೆ ಬೆಂಬಲ ತೆಗೆಯಿತು. 2008ರಲ್ಲಿ ವಚನಭ್ರಷ್ಟತೆ ಎಂಬ ಒಂದು ಮಾತನ್ನು ಹಿಡಿದು ಬಿಜೆಪಿ 110 ಸ್ಥಾನ ಗೆದ್ದಿತು. ಉತ್ತರ ಕರ್ನಾಟಕದ ಲಿಂಗಾಯತ ಮನೆಗಳಲ್ಲಿ ಆ ಗಾಯ ತಮ್ಮದೇ ಎಂಬಂತೆ ಮಾತಾಡಿಕೊಂಡರು. ಮಂಡ್ಯದಲ್ಲಿ ಮಾತ್ರ ಬಿಜೆಪಿಗೆ ಅದರಿಂದ ಒಂದು ಸ್ಥಾನವೂ ಸಿಗಲಿಲ್ಲ. ಅನ್ಯಾಯವಾಯಿತು ಎಂಬ ಭಾವನೆಯೂ ಜಾತಿಯ ಗೋಡೆ ದಾಟುವುದು ಸುಲಭವಲ್ಲ ಎಂಬುದನ್ನು ಇದು ತೋರಿಸುತ್ತದೆ, ಅದು ನನಗೆ ಖುಷಿ ಕೊಡುವ ಸಂಗತಿಯಲ್ಲ.

ಈ ಇಬ್ಬರ ವಿಷಯದಲ್ಲೂ ಮತದಾರ ಗಮನಿಸಿದ್ದು ಒಂದನ್ನೇ. ಮೊದಲನೆಯವರು ಎರಡನೆಯವರನ್ನು ಹೇಗೆ ನಡೆಸಿಕೊಂಡರು? ಜೊತೆಯಲ್ಲಿದ್ದವನಿಗೆ ಮಾತು ಉಳಿಸಿಕೊಳ್ಳದವನು ನಮಗೆ ಉಳಿಸಿಕೊಳ್ಳುತ್ತಾನೆಯೇ ಎಂದು ಸಾಮಾನ್ಯ ರೈತ ಕೇಳಿಕೊಳ್ಳುವುದು ಸಹಜ. ಕಬ್ಬಿನ ಬಾಕಿ, ನಾಲೆಯ ನೀರು, ಸಾಲಮನ್ನಾ, ಎಲ್ಲವೂ ನಾಯಕರ ಮಾತಿನ ಮೇಲೆಯೇ ನಿಂತ ಬದುಕು ಅವನದು.

ಮೇಲುಕೋಟೆ ಕ್ಷೇತ್ರದ ಎರಡು ಚುನಾವಣೆಗಳನ್ನೂ ಇಲ್ಲಿ ನೆನೆಯಬೇಕು. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ 2018ರ ಫೆಬ್ರುವರಿಯಲ್ಲಿ ತೀರಿಕೊಂಡ ಮೇಲೆ ಮಗ ದರ್ಶನ್ ಪುಟ್ಟಣ್ಣಯ್ಯ ನಿಂತರು. ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲಿಸಿತು. ಆದರೂ ಪುಟ್ಟರಾಜು ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 2023ರಲ್ಲಿ ಅದೇ ದರ್ಶನ್, ಅದೇ ಕಾಂಗ್ರೆಸ್ ಬೆಂಬಲ, ಎದುರಿಗೆ ಅದೇ ಪುಟ್ಟರಾಜು. ಈ ಸಲ ದರ್ಶನ್ ಹತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಎರಡು ಸಲವೂ ಜೊತೆಗಾರ ಒಬ್ಬನೇ ಆಗಿದ್ದರಿಂದ ಫಲಿತಾಂಶದ ಬದಲಾವಣೆಗೆ ಅವನನ್ನು ಕಾರಣ ಮಾಡಲಾಗದು. ಕುಮಾರಸ್ವಾಮಿ ಮುಖ್ಯಮಂತ್ರಿಯಾಗುತ್ತಾರೆ ಎಂಬ ಅಲೆ 2018ರಲ್ಲಿ ಇತ್ತು, 2023ರಲ್ಲಿ ಇರಲಿಲ್ಲ. ಹಸಿರು ಶಾಲಿನವರಿಗೂ ಕಾಂಗ್ರೆಸ್ಸಿಗೂ ಇಲ್ಲಿ ಎದುರಾಳಿ ಒಬ್ಬನೇ ಇದ್ದದ್ದರಿಂದ ಮತ ಒಡೆಯಲಿಲ್ಲ, ಅಷ್ಟರಮಟ್ಟಿಗೆ ಆ ಜೊತೆ ಗಟ್ಟಿಯಾಗಿತ್ತು.

ನಾಯಕರ ಜೋಡಿಗಳ ಬಗ್ಗೆ ಇಷ್ಟು ಹೇಳಿದ ಮೇಲೆ, ಚಿನಕುರಳಿಯಂಥ ಊರಿನಲ್ಲಿ ಜನ ನಿಜವಾಗಿಯೂ ಜೋಡಿಗೆ ಮತ ಹಾಕುವ ಜಾಗಕ್ಕೆ ಬರುತ್ತೇನೆ. ಅದು ಗ್ರಾಮ ಪಂಚಾಯಿತಿ. ಒಂದು ವಾರ್ಡಿಗೆ ಮೂರು ಸ್ಥಾನವಿದ್ದರೆ ಒಬ್ಬೊಬ್ಬ ಮತದಾರನಿಗೆ ಮೂರು ಮತ. ಒಂದು ಸಾಮಾನ್ಯ, ಒಂದು ಮಹಿಳೆ, ಒಂದು ಪರಿಶಿಷ್ಟ ಜಾತಿ ಎಂದಿಟ್ಟುಕೊಳ್ಳಿ. ಪಕ್ಷದ ಚಿಹ್ನೆ ಇಲ್ಲದಿದ್ದರೂ ಪ್ರತಿ ಬಣ ಮೂವರನ್ನು ಸೇರಿಸಿ ಸಿಂಡಿಕೇಟ್ ಮಾಡಿಕೊಳ್ಳುತ್ತದೆ. ಒಂದೇ ಪಾಂಪ್ಲೆಟ್ಟಿನಲ್ಲಿ ಮೂರು ಫೋಟೊ, ಕೆಳಗೆ ಆಟೊರಿಕ್ಷಾ, ಹೊಲಿಗೆ ಯಂತ್ರ, ಹೀಗೆ ಒಂದೊಂದು ಚಿಹ್ನೆ. ಮನೆಮನೆಗೆ ಬಂದು, "ಅವ್ವಾ, ಮೂರೂ ನಮ್ ಕಡೀಕೇ ಒತ್ಬುಡಿ, ಒಡಿಬ್ಯಾಡಿ" ಎನ್ನುತ್ತಾರೆ. ಎಣಿಕೆಯ ದಿನ ಟೇಬಲ್ಲಿನ ಮೇಲೆ ಮತಪತ್ರ ಬಿಚ್ಚಿದಾಗ ತಿಳಿಯುತ್ತದೆ ಯಾರು ಒಡೆದರೆಂದು. ಕಾಲೋನಿಯಿಂದ ಬಂದ ಪತ್ರಗಳಲ್ಲಿ ಗೌಡರ ಹೆಸರಿನ ಮುಂದೂ ಮುದ್ರೆ, ತಮ್ಮವರ ಹೆಸರಿನ ಮುಂದೂ ಮುದ್ರೆ. ಊರೊಳಗಿನ ಪತ್ರಗಳಲ್ಲಿ ಎಷ್ಟೋ ಸಲ ಗೌಡರ ಹೆಸರಿನ ಮುಂದೆ ಮಾತ್ರ ಮುದ್ರೆ ಬಿದ್ದು ಮೂರನೇ ಫೋಟೊದವರ ಜಾಗ ಖಾಲಿ ಇರುತ್ತದೆ. ಎರಡನೇ ಹೆಸರು ತನ್ನ ಮತವನ್ನು ಮೊದಲನೇ ಹೆಸರಿಗೆ ತಂದುಕೊಟ್ಟು, ಮೊದಲನೇ ಹೆಸರು ಅದನ್ನು ಹಿಂತಿರುಗಿಸದೆ ಇದ್ದರೆ ಆ ಪಾಂಪ್ಲೆಟ್ಟಿನಲ್ಲಿ ಮೂವರು ಅಕ್ಕಪಕ್ಕ ನಗುತ್ತ ನಿಂತದ್ದಕ್ಕೆ ಏನು ಬೆಲೆ?

ವಿಧಾನಸೌಧದಲ್ಲೂ ಇದೇ ನಡೆಯುತ್ತಿದೆ. ಕರ್ನಾಟಕ ಒಬ್ಬ ದಲಿತ ಮುಖ್ಯಮಂತ್ರಿಯನ್ನು ಕಂಡಿಲ್ಲ. ದಲಿತ ನಾಯಕರ ಹೆಸರು ಒಂದನೇ ಸ್ಥಾನಕ್ಕೆ ಕೇಳಿಬಂದಾಗಲೆಲ್ಲ ಹಿಂದೆ ಸರಿಯಿತು, ಎರಡನೇ ಸ್ಥಾನ ಮಾತ್ರ ಪರಮೇಶ್ವರರಿಗೆ, ಕಾರಜೋಳರಿಗೆ ಸಿಕ್ಕಿತು. ಇದನ್ನು ಪ್ರಾತಿನಿಧ್ಯ ಎಂದು ಕರೆಯುವುದಾದರೆ ಆ ಎರಡನೇ ಸ್ಥಾನಕ್ಕೆ ಯಾವ ಖಾತೆ, ಯಾವ ನಿರ್ಧಾರದಲ್ಲಿ ಎಷ್ಟು ಪಾಲು ಎಂಬುದನ್ನು ಮೊದಲು ಹೇಳಬೇಕು. ಚುನಾವಣೆ ಮುಗಿದ ಮೇಲೆ ದೆಹಲಿಯಲ್ಲಿ ಕುಳಿತು ಹಂಚುವ ಪದವಿಗೆ ಮತದಾರನ ಒಪ್ಪಿಗೆ ಇಲ್ಲ. ಅಮೆರಿಕದ ಪದ್ಧತಿಯಲ್ಲಿ ನೂರು ಕುಂದುಗಳಿರಬಹುದು. ಆದರೂ ಜೊತೆಗಾರ ಯಾರೆಂದು ಮತದಾರನಿಗೆ ಮೊದಲೇ ಗೊತ್ತಿರುತ್ತದೆ, ಅವನನ್ನು ನೋಡಿ ನಾಯಕನನ್ನು ಅಳೆಯಲು ತಿಂಗಳುಗಟ್ಟಲೆ ಸಮಯವೂ ಇರುತ್ತದೆ. ನಮ್ಮ ಪಕ್ಷಗಳು ಮುಖ್ಯಮಂತ್ರಿ ಅಭ್ಯರ್ಥಿಯನ್ನೇ ಹೇಳದೆ, ಇಬ್ಬರು ಮೂವರಲ್ಲಿ ಆಸೆ ಹುಟ್ಟಿಸಿ, ಅವರವರ ಸಮುದಾಯದ ಮತವನ್ನು ಮುಂಗಡವಾಗಿ ಪಡೆಯುತ್ತವೆ. ಆಮೇಲೆ ಶುರುವಾಗುವ ಅಧಿಕಾರ ಹಂಚಿಕೆಯ ಗುಸುಗುಸಿನಲ್ಲಿ ಆಡಳಿತ ಸೊರಗುತ್ತದೆ. ಉಪಮುಖ್ಯಮಂತ್ರಿ ಬೇಕೆನ್ನುವ ಪಕ್ಷ ಹೆಸರನ್ನೂ ಖಾತೆಯನ್ನೂ ಪ್ರಣಾಳಿಕೆಯಲ್ಲೇ ಬರೆಯಲಿ. ಬರೆಯಲು ಅಂಜುವುದಾದರೆ ಆ ಹುದ್ದೆಯನ್ನೇ ಕೈಬಿಡಲಿ.

ಪಂಚಾಯಿತಿಯಲ್ಲಂತೂ ಇದು ಸರ್ಕಾರದ ಒಂದು ಆದೇಶದಿಂದ ಸರಿಹೋಗುವ ಕೆಲಸ. 2020ರ ಡಿಸೆಂಬರ್‌ನಲ್ಲಿ ಸದಸ್ಯರ ಚುನಾವಣೆ ಮುಗಿಯಿತು. ಯಾವ ಪಂಚಾಯಿತಿಯ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬುದು ಗೊತ್ತಾದದ್ದು 2021ರಲ್ಲಿ. ಆ ಪಟ್ಟಿ ನಾಮಪತ್ರಕ್ಕೆ ಮೊದಲೇ ಹೊರಬಿದ್ದರೆ, ಮೂರನೇ ಫೋಟೊದಲ್ಲಿರುವ ಕಾಲೋನಿಯ ಹೆಣ್ಣುಮಗಳು ನಾಳೆ ಮೂವತ್ತು ತಿಂಗಳು ಊರಿನ ಅಧ್ಯಕ್ಷೆಯಾಗಬಹುದು ಎಂದು ತಿಳಿದೇ ಊರೊಳಗಿನವರು ಮುದ್ರೆ ಒತ್ತಬೇಕಾಗುತ್ತದೆ, ಸಿಂಡಿಕೇಟ್ ಕಟ್ಟುವವರೂ ಆಕೆಯನ್ನು ಕೊನೆಯ ಗಳಿಗೆಯಲ್ಲಿ ಹುಡುಕಿ ತರದೆ, ಮೊದಲ ದಿನದಿಂದಲೇ ಮಾತಿಗೆ ಕೂರಿಸಿಕೊಳ್ಳಬೇಕಾಗುತ್ತದೆ.